ಮಾಲೀಕರ ಮನೆಗೊಂದು ಪಾರ್ಸಲ್

ಕೊರೊನಾ ಲಾಕ್‌ಡೌನ್ ಕಾಲ. ಆಹಾರ ಸುರಕ್ಷತಾ ಕಚೇರಿಯವರು ಅಂಗಡಿಗಳಿಗೆ ಹೋಗುವಂತಿರಲಿಲ್ಲ. ತಪಾಸಣೆಯೆಲ್ಲ ವಿಡಿಯೊ ಕಾಲ್‌ನಲ್ಲೇ. ಆನ್‌ಲೈನಿನಲ್ಲಿ ಕಾಯಿಹೋಳಿಗೆ ಮಾರುತ್ತಿದ್ದ ಶಿವಶಂಕರಪ್ಪನ ಮೇಲೆ ಒಂದು ದೂರು ಬಂದಿತ್ತು: ತಿಂದವರಿಗೆಲ್ಲ ಹೊಟ್ಟೆ ಕೆಟ್ಟಿದೆಯಂತೆ.

ಅವನು ಫೋನು ಹಿಡಿದು, ಫಳಫಳ ಹೊಳೆಯುವ ಅಡುಗೆಮನೆ ತೋರಿಸಿದ. "ನೋಡಿದ್ರಲ್ಲ? ಸಂಜೆಯೊಳಗೆ ಸರ್ಟಿಫಿಕೇಟ್ ಬರಬೇಕು. ಇಲ್ಲಾಂದ್ರೆ ನಿಮ್ಮ ಮೇಲಿನವರ ಹತ್ರಾನೇ ಮಾತಾಡ್ತೀನಿ" ಎಂದು ಕರೆಯಲ್ಲಿದ್ದ ಕಚೇರಿಯ ಗುಮಾಸ್ತೆ ತುಂಗಮ್ಮನವರನ್ನು ಗದರಿದ.

"ಆಯ್ತು ಸರ್. ಕಳಿಸೋಕೆ ಮನೆ ವಿಳಾಸ ಕೊಡಿ" ಎಂದರು ತುಂಗಮ್ಮ.

ವಿಳಾಸ ಸಿಕ್ಕಿದ್ದೇ ತಡ, ತಮ್ಮ ಮೊಬೈಲಿನಿಂದ ಅವನ ಅಂಗಡಿಯದೇ ಹತ್ತು ಹೋಳಿಗೆಯನ್ನು ಅವನ ಮನೆಗೇ ಆರ್ಡರ್ ಮಾಡಿದರು.

ಗಂಟೆಯೊಳಗೆ, ಪಾರ್ಸಲ್ ಮೇಲಿದ್ದ ಅವರ ನಂಬರಿಗೆ ಶಿವಶಂಕರಪ್ಪನ ಫೋನು ಬಂತು. "ಯಾರ್ರೀ ಇದನ್ನ ನಮ್ಮನೇಗೆ ಕಳಿಸಿದ್ದು? ನಾನು ಕಿತ್ಕೊಳ್ಳದೇ ಇದ್ದಿದ್ರೆ ಮೊಮ್ಮಗಳು ತಿಂದೇಬಿಡ್ತಿದ್ಲು!"

"ತಿಂದಿದ್ರೆ ಏನಾಗ್ತಿತ್ತು ಸರ್? ನಾನು ತುಂಗಮ್ಮ, ಆಹಾರ ಸುರಕ್ಷತಾ ಕಚೇರಿಯಿಂದ."

ಆ ಕಡೆಯಿಂದ ಫೋನು ಕಟ್ಟಾಯಿತು.

ಅಂದೇ ಮಾರಾಟಕ್ಕೆ ತಡೆ ಬಿತ್ತು. ಫೈಲಿನ ಷರಾ ಕಾಲಂನಲ್ಲಿ ತುಂಗಮ್ಮ ಹೀಗೆ ಬರೆದರು: "ಅಡುಗೆಮನೆ ಚೊಕ್ಕಟವಾಗಿದೆ. ಹೋಳಿಗೆಯನ್ನು ಮಾತ್ರ ಮಾಲೀಕರೇ ಮನೆಯೊಳಗೆ ಬಿಟ್ಟುಕೊಂಡಿರುವುದಿಲ್ಲ."