ಬೇವಿನ ಗುರುತು

ಪೂಜ್ಯ ಶ್ರೀ ಮರುಳಯ್ಯಸ್ವಾಮಿಗಳು ಕೆಂಗಲ್ಲುಕೋಟೆಯ ಹೊರಗಿನ ಹಾಳು ಮಂಟಪವೊಂದರಲ್ಲಿ ವಾಸವಾಗಿದ್ದರು. ಮಠವೆಂದರೆ ಅದೇ. ಆಸ್ತಿಯೆಂದರೆ ಒಂದು ಕಂಬಳಿ, ಒಂದು ಒರಳು, ನಾಲ್ಕಾರು ಮಡಕೆ. ಪವಾಡ ಕೇಳುವ ಆಸೆಯಿಂದ ಕುಳಿತವರಿಗೆ ಮೊದಲೇ ಹೇಳಿಬಿಡುತ್ತೇನೆ, ಈ ಪ್ರಸಂಗದಲ್ಲಿ ಸತ್ತವರು ಯಾರೂ ಎದ್ದು ಕೂರುವುದಿಲ್ಲ. ಎದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಇದನ್ನು ಹೇಳುವಾಗಲೆಲ್ಲ ನನ್ನ ಕರುಳು ಚುರುಕ್ ಎನ್ನುತ್ತದೆ.

ಆಗ ಆ ಸೀಮೆಯಲ್ಲಿ ಅಣ್ಣತಮ್ಮಂದಿರ ಕಾಳಗ ನಡೆದಿತ್ತು. ದೊರೆಯ ಹಿರಿಯ ಹೆಂಡತಿಯ ಮಗ ಗಾದ್ರಿನಾಯಕ ಕೋಟೆಯ ಒಳಗೆ. ಕಿರಿಯ ಹೆಂಡತಿಯ ಮಗ ಓಬನಾಯಕ ದಂಡು ಕಟ್ಟಿಕೊಂಡು ಕೋಟೆಯ ಹೊರಗೆ. ಎರಡೂ ಕಡೆ ಇದ್ದವರು ಒಂದೇ ಸೀಮೆಯ ಮಕ್ಕಳು, ಹೆಣ್ಣು ಕೊಟ್ಟು ತಂದ ನೆಂಟರು. ಕೆರೆಬಯಲಿನ ಕಾಳಗದಲ್ಲಿ ಓಬನಾಯಕ ಅಣ್ಣನ ದಂಡನ್ನು ಒಂದೇ ಏಟಿಗೆ ಕೋಟೆಯೊಳಕ್ಕೆ ಅಟ್ಟಿದ್ದ. ಅಂದಿನಿಂದ ಅವನ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಶ್ರೀಗಳು ಮಾತ್ರ ಔಷಧಿಯ ಮಡಕೆ ಹೊತ್ತು ಎರಡೂ ಕಡೆ ಓಡಾಡುತ್ತಿದ್ದರು. ಒಂದು ಕಡೆಯ ಮಾತನ್ನು ಇನ್ನೊಂದು ಕಡೆಗೆ ಒಯ್ಯುವವರಲ್ಲ ಎಂಬ ನಂಬಿಕೆಯಿಂದ ಯಾವ ಕಾವಲಿನವನೂ ಅವರನ್ನು ತಡೆಯುತ್ತಿರಲಿಲ್ಲ.

ಕೋಟೆಗೆ ಲಗ್ಗೆ ಇಡುವ ದಿನ ಗೊತ್ತಾಯಿತು. ಆದರೆ ಎರಡೂ ಕಡೆಯವರದು ಒಂದೇ ಬಗೆಯ ರುಮಾಲು, ಒಂದೇ ಮನೆದೇವರ ಜೈಕಾರ. ಕೈಕೈ ಮಿಲಾಯಿಸಿದಾಗ ನಮ್ಮವರಾರು, ಅವರಾರು? ಓಬನಾಯಕ ತನ್ನ ಜನರ ರುಮಾಲಿಗೆಲ್ಲ ಬೇವಿನ ಕುಡಿ ಸಿಕ್ಕಿಸಲು ಹೇಳಿದ. "ಬೇವು ಇದ್ದೋರು ನಮ್ಮೋರು. ಇಲ್ಲದೋರ ಮುಖ ನೋಡ್ತಾ ನಿಲ್ಲಬೇಡಿ, ಕಡೀರಿ" ಎಂದು ಅಪ್ಪಣೆ ಮಾಡಿದ.

ಬೆಳಕು ಹರಿಯುವಾಗ ಗೋಡೆ ಹತ್ತಿದರು. ಹೊತ್ತೇರುವಷ್ಟರಲ್ಲಿ ಉಳಿದವರು ಬಿದ್ದೆದ್ದು ಓಡಿ ಬಂದರು. ಹೋದವರಲ್ಲಿ ಅರ್ಧ ಜನ ಬರಲಿಲ್ಲ. "ಒಳಗಿರೋ ಎಲ್ಲರ ತಲೇಲೂ ಬೇವು ಐತೆ, ದೊರೆ" ಎಂದು ಬಂದವರು ತಡವರಿಸಿದರು.

ಗುರುತು ಸೋರಿಹೋಗಿದೆ ಎಂದು ಓಬನಾಯಕ ಕೆಂಡವಾದ. ಹಿಂದಿನ ಸಂಜೆ ಅವನ ಬಾಮೈದ ಬೊಮ್ಮಣ್ಣ ಮಂಟಪದ ಕಡೆ ಹೋದದ್ದನ್ನು ಯಾರೋ ಕಂಡಿದ್ದರು. ಅಷ್ಟೇ ಸಾಕಾಯಿತು. ಬೊಮ್ಮಣ್ಣನ ಹೆಡೆಮುರಿ ಕಟ್ಟಿ ಕೆಡವಿ, ಸಂಜೆಯೊಳಗೆ ತಲೆ ತೆಗೆಯುವುದೆಂದು ತೀರ್ಮಾನ ಮಾಡಿ, ಓಬನಾಯಕ ನೇರವಾಗಿ ಮಂಟಪಕ್ಕೆ ಬಂದ. ಶ್ರೀಗಳು ಒರಳಿನ ಮುಂದೆ ಕುಳಿತು ಬೇವಿನ ಸೊಪ್ಪು, ಅರಿಶಿನ ಅರೆಯುತ್ತಿದ್ದರು. ಅವನು ಕೈ ಮುಗಿಯಲಿಲ್ಲ.

"ಬೊಮ್ಮಣ್ಣ ನಿನ್ನೆ ಇಲ್ಲಿಗೆ ಬಂದಿದ್ನಾ?"

"ಬಂದಿದ್ದ. ವಿಭೂತಿ ತಗೊಂಡು ಹೋದ."

"ಆಮೇಲೆ ನೀವು ಕೋಟೆಗೆ ಹೋದ್ರಿ."

"ಹೋದೆ."

"ಇನ್ನೇನು ಬೇಕು? ಅವನು ನಿಮ್ಮ ಕಿವಿಗೆ ಊದಿದ, ನೀವು ನಮ್ಮಣ್ಣನ ಕಿವಿಗೆ ಊದಿದ್ರಿ. ಸಂಜೆಗೆ ಅವನ ತಲೆ ಹೋಗುತ್ತೆ. ನಿಮ್ಮನ್ನ ಕಾವಿ ಉಟ್ಟಿದೀರಿ ಅಂತ ಬಿಟ್ಟಿದೀನಿ."

ಇಂಥ ಮಾತನ್ನು ಅಂಥ ಮಹಾತ್ಮರ ಮುಂದೆ ಆಡಿದನಲ್ಲ, ಅವನ ನಾಲಿಗೆಗೆ ಏನು ಬಂದಿತ್ತೋ! ಶ್ರೀಗಳು ಕೈ ತೊಳೆದುಕೊಂಡು ಎದ್ದರು. "ಕತ್ತಿ ಇಲ್ಲಿಟ್ಟು ಈ ಮಡಕೆ ಹೊತ್ಕೊಂಡು ಬಾ. ಬೊಮ್ಮಣ್ಣನ ತಲೆ ಸಂಜೆವರೆಗೂ ಅಲ್ಲೇ ಇರುತ್ತೆ" ಎಂದರು. ಆ ದನಿಯಲ್ಲಿ ಏನಿತ್ತೋ, ಅವನು ಕತ್ತಿ ಬಿಚ್ಚಿಟ್ಟ.

ಕೋಟೆಯ ದಿಡ್ಡಿಬಾಗಿಲ ಕಾವಲಿನವನು ಓಬನಾಯಕನ ಗುರುತು ಹಿಡಿದು ಈಟಿ ಎತ್ತಿದ. "ಅಣ್ಣನ್ನ ನೋಡೋಕೆ ಬಂದಿದಾನೆ" ಎಂದರು ಶ್ರೀಗಳು. ಈಟಿ ಕೆಳಗಿಳಿಯಿತು. ಕಾವಲಿನವನ ಮುಖದ ತುಂಬ ಆಗತಾನೇ ಒಣಗುತ್ತಿದ್ದ ಬೊಕ್ಕೆಗಳು. ಕಿವಿಯ ಸಂದಿಯಲ್ಲಿ ಬೇವು.

ಒಳಗೆ ಬೀದಿಯುದ್ದಕ್ಕೂ ಬಾಗಿಲು ಬಾಗಿಲಿಗೆ ಬೇವು. ಹೆಂಗಸರ ತುರುಬಿನಲ್ಲಿ, ಮಕ್ಕಳ ಉಡಿದಾರದಲ್ಲಿ, ಸಿಪಾಯಿಗಳ ರುಮಾಲಿನಲ್ಲಿ ಬೇವು. ಆ ಸೀಮೆಯಲ್ಲಿ ಆ ಬೇನೆಯ ಹೆಸರು ಹೇಳುವುದಿಲ್ಲ, ಅಮ್ಮ ಬಂದಿದ್ದಾಳೆ ಎನ್ನುತ್ತಾರೆ. ಅಮ್ಮ ಬಂದ ಊರು ಬೇವು ಮುಡಿಯುತ್ತದೆ. ಬೇವು ಮುಡಿದವರ ಮೇಲೆ ಯಾರೂ ಕೈ ಎತ್ತುವುದಿಲ್ಲ, ದನಿಯನ್ನೂ ಎತ್ತುವುದಿಲ್ಲ. ಇದನ್ನು ತಿಳಿಯದ ಮಗು ಅಲ್ಲಿಲ್ಲ.

"ಯಾವಾಗಿಂದ?" ಎಂದು ಓಬನಾಯಕ ಕೇಳಿದ.

"ಕೆರೆಬಯಲಿಗೆ ಹೊರಡೋ ಹೊತ್ತಿಗೇ ಅರ್ಧ ದಂಡು ಮಲಗಿತ್ತು, ಬುದ್ಧಿ. ಎದ್ದು ನಿಲ್ಲೋಕಾದೋರು ಬಂದಿದ್ವಿ" ಎಂದ ಜೊತೆಗೆ ಬಂದಿದ್ದ ಕಾವಲಿನವನು.

ಗೋಡೆಯ ಪಕ್ಕದಲ್ಲಿ ಬೆಳಗ್ಗೆ ಸತ್ತವರನ್ನು ಸಾಲಾಗಿ ಮಲಗಿಸಿದ್ದರು. ಓಬನಾಯಕ ಒಂದೊಂದೇ ಮುಖ ನೋಡುತ್ತ ನಡೆದ. ಎಲ್ಲರೂ ಅವನವರೇ. ಕೋಟೆಯವರ ಹೆಣ ಒಂದೂ ಇರಲಿಲ್ಲ. ಸತ್ತವರಲ್ಲಿ ಯಾರ ತಲೆಯಲ್ಲೂ ಬೇವು ಇರಲಿಲ್ಲ. ಗೋಡೆ ಹತ್ತಿ ಧುಮುಕುವಾಗ ಉದುರಿದ ಕುಡಿಗಳು ಬುಡದಲ್ಲಿ ತುಳಿತಕ್ಕೆ ಸಿಕ್ಕಿ ಹಸಿರು ರಾಡಿಯಾಗಿದ್ದವು. ಅವನಿಗೆ ಇನ್ನೂ ಪೂರ್ತಿ ಅರ್ಥವಾಗಲಿಲ್ಲ, ಅಥವಾ ಅರ್ಥ ಮಾಡಿಕೊಳ್ಳುವ ಧೈರ್ಯ ಬರಲಿಲ್ಲ.

ಗಾದ್ರಿನಾಯಕ ಬೇವಿನೆಲೆಯ ಹಾಸಿಗೆಯ ಮೇಲೆ ಮಲಗಿದ್ದ. ಬೊಕ್ಕೆಗಳು ಕಣ್ಣನ್ನೂ ಮುಚ್ಚಿದ್ದವು. ಹೆಜ್ಜೆಯ ಸಪ್ಪಳ ಕೇಳಿ ಮುಖ ತಿರುಗಿಸಿದ.

"ಅಯ್ಯನೋರೇ, ಬಂದ್ರಾ? ಬೆಳಗ್ಗೆ ಗೋಡೆ ಹತ್ತಿ ಬಂದೋರೆಲ್ಲ ಬೇವು ಮುಡಿದಿದ್ರಂತೆ. ಪಾಪ, ನಮ್ಮ ಓಬನ ದಂಡಿಗೂ ಅಮ್ಮ ಬಂದಿದಾಳೆ. ಅವಳು ಮೈಮೇಲಿರೋರನ್ನ ಮುಟ್ಟಬೇಡಿ ಅಂದೆ. ನಮ್ಮೋರೆಲ್ಲ ಹಿಂದಕ್ಕೆ ಸರಿದು ನಿಂತ್ರು. ಆದ್ರೂ ಅವರವರೇ ಯಾಕೆ ಹಂಗೆ ಕಡಿದಾಡಿ ಸತ್ರೋ, ನಂಗೆ ತಿಳೀಲಿಲ್ಲ." ಸ್ವಲ್ಪ ಉಸಿರು ತೆಗೆದುಕೊಂಡು ಮತ್ತೆ ಹೇಳಿದ, "ಅವನಿಗೂ ಒಂದಿಷ್ಟು ಔಷಧಿ ಕೊಟ್ಟು ಬನ್ನಿ. ನಾನು ಹೇಳಿದೆ ಅನ್ನಬೇಡಿ, ತಗೊಳಲ್ಲ."

ಓಬನಾಯಕನ ಕೈಯಿಂದ ಮಡಕೆ ಜಾರಿತು. ಶ್ರೀಗಳು ಅದನ್ನು ಹಿಡಿದುಕೊಂಡರು. ಆಗ ಅವರು ಆಡಿದ ಮಾತು ಇಷ್ಟೇ:

"ಕೆರೆಬಯಲಲ್ಲಿ ಗೆದ್ದದ್ದು ನೀನಲ್ಲ, ಅಮ್ಮ. ಇಲ್ಲಿ ಸೋಲಿಸಿದ್ದು ನಿಮ್ಮಣ್ಣನಲ್ಲ, ನೀನು."

ಓಬನಾಯಕ ನೆಲಕ್ಕೆ ಕುಸಿದು, ಎಲೆಯ ಮೇಲಿದ್ದ ಅಣ್ಣನ ಪಾದಕ್ಕೆ ಹಣೆ ಹಚ್ಚಿ ಬಹಳ ಹೊತ್ತು ಹಾಗೇ ಇದ್ದ. ಯಾರದು, ಯಾರದು ಎಂದು ಗಾದ್ರಿನಾಯಕ ಕೇಳುತ್ತಲೇ ಇದ್ದ.

ಬಿಸಿಲಿಳಿಯುವ ಹೊತ್ತಿಗೆ ಓಬನಾಯಕ ದಂಡಿಗೆ ಮರಳಿದ. ಕತ್ತಿ ಮಂಟಪದಲ್ಲೇ ಉಳಿದಿತ್ತು. ಬೊಮ್ಮಣ್ಣನ ಮುಂದೆ ಕೂತು, ತಾನೇ ಹಗ್ಗ ಬಿಚ್ಚಿದ. ಸುತ್ತ ನಿಂತ ಜನರಿಗೆ ಕೇಳುವಂತೆ ಹೇಳಿದ, "ಗುರುತು ಯಾರೂ ಹೇಳಿಲ್ಲ. ಕೋಟೆಯೋರು ನಮ್ಮ ಮೇಲೆ ಕೈಯನ್ನೇ ಮಾಡಿಲ್ಲ."

ಮೊದಲು ಯಾರಿಗೂ ತಿಳಿಯಲಿಲ್ಲ. ಆಮೇಲೆ ಒಬ್ಬ ತನ್ನ ಕತ್ತಿಯ ಕಡೆ ನೋಡಿದ. ಅವನ ಪಕ್ಕದವನೂ ನೋಡಿಕೊಂಡ. ನಿಂತವರು ನಿಂತಲ್ಲೇ ಕೂತರು. ಒಬ್ಬ ತಲೆ ತಲೆ ಚಚ್ಚಿಕೊಂಡ.

ಬೊಮ್ಮಣ್ಣ ಮಣಿಕಟ್ಟು ಉಜ್ಜಿಕೊಳ್ಳುತ್ತಿದ್ದವನು ಕೈ ನಿಲ್ಲಿಸಿದ. ಅವನ ಒಡಹುಟ್ಟಿದ ತಮ್ಮನೂ ಬೆಳಗ್ಗೆ ಹೋದವನು ಮರಳಿ ಬಂದಿರಲಿಲ್ಲ.

"ಹಂಗಾದ್ರೆ ನನ್ನ ತಮ್ಮನ್ನ ಕೊಂದೋರು ಯಾರು, ಭಾವ?"

"ನಾನು ಕಣಪ್ಪ" ಎಂದ ಓಬನಾಯಕ.

ಮುತ್ತಿಗೆಯನ್ನು ಯಾರೂ ಎಬ್ಬಿಸಲಿಲ್ಲ, ತಾನಾಗಿಯೇ ಎದ್ದುಹೋಯಿತು. ಮರುದಿನ ಕೋಟೆಯ ಬಾಗಿಲು ತೆಗೆದಾಗ ಬೇವಿನ ನೀರಿನ ಮಡಕೆ ಹೊತ್ತು ಮೊದಲು ಒಳಗೆ ಹೋದವನು ಓಬನಾಯಕ. ಶ್ರೀಗಳು ಲಿಂಗೈಕ್ಯರಾಗುವವರೆಗೂ ಅವರ ಒರಳಿನ ಮುಂದೆ ಕುಳಿತು ಸೊಪ್ಪು ಅರೆದವನೂ ಅವನೇ. ಹಿಂದಿನ ಕಾಳಗಗಳ ಸುದ್ದಿ ಯಾರಾದರೂ ಎತ್ತಿದರೆ ಎದ್ದು ಆಚೆ ಹೋಗಿಬಿಡುತ್ತಿದ್ದನಂತೆ.