ಮೊದಲು ತಾಟು, ಆಮೇಲೆ ಹೆಸರು

ಫಕೀರಪ್ಪ ಮೊದಲ ಸಲ ಕಾಲಿಗೆ ಬುದ್ಧಿ ಹೇಳಿದ್ದು ನಾಗರಪಂಚಮಿಯ ಮರುದಿನ. ಎಂಟನೇ ಇಯತ್ತೆಯ ಪುಸ್ತಕದ ಚೀಲವನ್ನು ಶಾಲೆಯ ಕಿಟಕಿಯ ಸರಳಿಗೆ ನೇತುಹಾಕಿ ಹೊರಟವನು ತಿರುಗಿ ನೋಡಲಿಲ್ಲ.

ಕಂಪ್ಯೂಟರ್ ರಿಪೇರಿ ಅಂಗಡಿಯೊಂದರಲ್ಲಿ ಕಸ ಗುಡಿಸಿದ, ಸ್ಕ್ರೂ ಬಿಚ್ಚಿದ, ಬಿಚ್ಚುತ್ತಲೇ ಕಲಿತ. ಊರೂರು ಅಲೆದು ಕೊನೆಗೆ ಒಂದು ಸಣ್ಣ ಕಂಪನಿ ಸೇರಿದ. ಅಲ್ಲಿ ಆಪರೇಟಿಂಗ್ ಸಿಸ್ಟಂ ತಯಾರಾಗುತ್ತಿತ್ತು. ಕಂಪ್ಯೂಟರಿನೊಳಗೆ ನೆಲದ ಹಾಗೆ ಹಾಸಿಕೊಂಡಿರುವ ತಂತ್ರಾಂಶ ಅದು. ಉಳಿದ ಪ್ರೋಗ್ರಾಮುಗಳೆಲ್ಲ ಅದರ ಮೇಲೆ ಕೂತೇ ಕೆಲಸ ಮಾಡಬೇಕು.

ಅಲ್ಲಿಂದಲೂ ಒಂದು ದಿನ ಎದ್ದು ಬಂದ. ಮಲಪ್ರಭೆಯ ದಂಡೆಯ ಮಠವೊಂದಕ್ಕೆ ಬಂದು ಬಿದ್ದ. ಮಠದ ಹಿರಿಯರನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು.

ಬಂದವನ ಹೆಸರನ್ನು ಅಜ್ಜಾರು ಕೇಳಿದ್ದು ಅವನು ಉಂಡು ಕೈತೊಳೆದ ಮೇಲೆ. ಆ ಮಠದ ರೂಢಿಯೇ ಅದು. ಮೊದಲು ತಾಟು, ಆಮೇಲೆ ಹೆಸರು. ಊಟಕ್ಕೆ ಕೂತವರನ್ನು ಯಾರು, ಯಾವೂರು ಎಂದು ಅಲ್ಲಿ ಯಾರೂ ಕೇಳುವಂತಿರಲಿಲ್ಲ.

“ಯಾಕ ಬಂದಿ, ತಮ್ಮಾ?”

“ಯಾರ ಮ್ಯಾಲೂ ನಂಬಿಕಿ ಬರವಲ್ದ್ರಿ ಅಜ್ಜಾರ.”

“ಅಂಥಾದ್ದೇನಾತು?”

“ನಮ್ಮ ಸಿಸ್ಟಂ ಮ್ಯಾಲೆ ದೊಡ್ಡ ಕಂಪನಿಯವರ ಪ್ರೋಗ್ರಾಮೂ ನಡೀಬೇಕಂತ ಮೈಮುರದು ದುಡಿದ್ವಿ. ನಡೀತು. ಚಲೋನ ನಡೀತು. ಆದ್ರ ಚಾಲೂ ಮಾಡಿದ ಕೂಡ್ಲೆ ಪರದೆ ಮ್ಯಾಲೆ ಒಂದು ಮಾತು ಬರತಿತ್ರಿ. ‘ಏನೋ ತೊಂದರೆ ಇರಬಹುದು, ಎಚ್ಚರಿಕೆ’ ಅಂತ.”

“ಏನ ತೊಂದರಿ ಇತ್ತು?”

“ಏನೂ ಇಲ್ರಿ! ನಂದ ತಪ್ಪಿರಬೇಕಂತ ತಿಂಗಳಗಟ್ಟಲೆ ಹುಡುಕಿದೆ. ಕಡೀಕ ಅವರ ಪ್ರೋಗ್ರಾಮಿನ ಹೊಟ್ಟಿ ಬಗದು ನೋಡಿದೆ. ಒಳಗ ಒಂದು ಪ್ರಶ್ನಿ ಮುಚ್ಚಿ ಇಟ್ಟಿದ್ರು. ‘ಕೆಳಗ ಇರಾಂವ ಯಾರು?’ ಅಂತ. ತಮ್ಮಾಂವ ಅಲ್ಲ, ಬ್ಯಾರೇದವರ ಸಿಸ್ಟಂ ಅಂತ ಗೊತ್ತಾತಂದ್ರ ಆ ಮಾತು ಹಾಕೂದು. ಕೆಲಸ ಮಾಡತೈತೋ ಇಲ್ಲೋ ಅಂತ ಕೇಳೇ ಇಲ್ಲರಿ ಅದು.”

“ಮಂದಿ ಏನ ಮಾಡಿದ್ರು?”

“ಅಂಜಿದ್ರು. ಗಿರಾಕಿಗಳು ಒಬ್ಬೊಬ್ಬರ ನಮ್ಮನ್ನ ಬಿಟ್ಟು ಹ್ವಾದ್ರು.”

ಅಜ್ಜಾರು ಸಮಾಧಾನವನ್ನೂ ಹೇಳಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ. ಮರುದಿನ ಅವನ ಕೈಗೆ ನುಚ್ಚಿನ ಬುಟ್ಟಿ ಕೊಟ್ಟು ಪಂಕ್ತಿಗೆ ಬಡಿಸಲು ಹಚ್ಚಿದರು.

ಕೈ ಬಡಿಸುತ್ತಿತ್ತು, ಕಣ್ಣು ಕಾವಲು ಕಾಯುತ್ತಿತ್ತು. ಹೊಳೆಯ ಫೋಟೋ ತೆಗೆಯಲು ಬಂದವರು ತನ್ನ ಫೋಟೋ ತೆಗೆದರೇ ಎಂದು ನೋಡುವನು. ಬಾಗಿಲ ಚಿಲಕ ಹಾಕಿ ಮತ್ತೆ ಹೋಗಿ ಜಗ್ಗುವನು. ಅಡುಗೆಯ ನೀಲವ್ವ ಸಾರಿಗೆ ಉಪ್ಪು ಹಾಕುವಾಗಲೂ ಹಿಂದೆ ಹೋಗಿ ಇಣುಕುವನು.

“ಏನ ನೋಡತಿಯೋ? ವಿಷ ಹಾಕಾಕತ್ತೀನಿ ಅಂತೇನು?”

“ಹಂಗಲ್ಲಬೇ ಯವ್ವಾ...”

“ಹಂಗ ಐತಿ. ತಗೋ, ಮೊದಲ ನೀನ ಒಂದ ಸೌಟ ಕುಡಿ. ನೀ ಬದುಕಿದ್ರ ಮಂದಿಗೆ ಹಾಕೂಣು.”

ಅವನು ಕುಡಿದೇಬಿಟ್ಟ. ನಾಲಿಗೆ ಸುಟ್ಟುಕೊಂಡ.

ಹೀಗಿರಲು ಒಂದು ಮಧ್ಯಾಹ್ನ ಪಂಕ್ತಿಯಲ್ಲಿ ಹೊಸಬನೊಬ್ಬ ಬಂದು ಕೂತ. ಅಂಗಿಯ ಮೇಲೆಲ್ಲ ದಾರಿಯ ಧೂಳು. ಪಕ್ಕದಲ್ಲಿಟ್ಟುಕೊಂಡ ಲ್ಯಾಪ್‌ಟಾಪಿನ ಚೀಲದ ಮೇಲೆ ದೊಡ್ಡ ಕಂಪನಿಯ ಗುರುತು.

ಫಕೀರಪ್ಪನ ಕೈ ಬುಟ್ಟಿಯಲ್ಲೇ ನಿಂತಿತು.

“ಯಾರ್ರಿ ನೀವು? ಎಲ್ಲಿಂದ ಬಂದ್ರಿ?”

ಉಣ್ಣುತ್ತಿದ್ದವರೆಲ್ಲ ತಲೆಯೆತ್ತಿದರು. ಆ ಮಠದಲ್ಲಿ ಖಾಲಿ ತಾಟಿನ ಮುಂದೆ ಕೂತವನಿಗೆ ಆ ಪ್ರಶ್ನೆ ಬಿದ್ದದ್ದನ್ನು ಅವರು ಕೇಳಿರಲಿಲ್ಲ.

“ಫಕೀರಪ್ಪ ಅನ್ನೋರನ್ನ ಹುಡುಕ್ಕೊಂಡು ಬಂದೇನ್ರಿ,” ಎಂದ ಹೊಸಬ, ತಡವರಿಸುತ್ತ.

ಫಕೀರಪ್ಪ ತಾನೇ ಅವನೆಂದು ಹೇಳಲಿಲ್ಲ. ಬಡಿಸಿದ. ಎಲ್ಲರಿಗೂ ಹಾಕಿದಷ್ಟೇ ನುಚ್ಚು, ಎಲ್ಲರಿಗೂ ಹಾಕಿದ್ದೇ ಸಾರು. ಒಂದು ತುತ್ತೂ ಕಡಿಮೆ ಮಾಡಲಿಲ್ಲ. ಮುಂದಿನ ತಾಟಿಗೆ ಬಗ್ಗಿದಾಗ ಮಾತ್ರ ದನಿ ತಗ್ಗಿಸಿದ.

“ಆ ಮನಷ್ಯಾನ ಕಡೆ ಸ್ವಲ್ಪ ಲಕ್ಷ್ಯ ಇರಲಿ.”

“ಯಾಕ, ಏನ ಮಾಡ್ಯಾನ?”

“ಏನಿಲ್ಲ. ಲಕ್ಷ್ಯ ಇರಲಿ, ಅಷ್ಟ.”

ಆ ಮಾತು ಸಾರಿಗಿಂತ ಬೇಗ ಪಂಕ್ತಿಯಲ್ಲಿ ಹರಿಯಿತು. ಒಬ್ಬ ತನ್ನ ಗಂಟನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡ. ಒಬ್ಬಾಕೆ ಮಗಳನ್ನು ಈಚೆಗೆ ಎಳೆದುಕೊಂಡಳು. ಮತ್ತೊಬ್ಬ ಗಾಳಿ ಬರುತ್ತಿಲ್ಲವೆಂದು ತಾಟು ಹಿಡಿದು ಎದ್ದೇ ಹೋದ. ನೋಡನೋಡುತ್ತ ಹೊಸಬನ ಆಚೆ ಈಚೆ ಬರೀ ನೆಲ ಉಳಿಯಿತು.

ಅವನಿಗೆ ತಿಳಿಯದೇನು? ತಲೆ ತಗ್ಗಿಸಿ ಉಣ್ಣತೊಡಗಿದ.

ಆಗ ಅಜ್ಜಾರು ತಮ್ಮ ತಾಟು ಹಿಡಿದು ಬಂದರು. ಆ ಖಾಲಿ ನೆಲದಲ್ಲಿ, ಅವನ ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರ ಕೂತರು.

“ಸಾರು ಹೆಂಗೈತ್ರಿ?”

“ಖಾರ ಐತ್ರಿ. ಆದ್ರ ಚಲೋ ಐತಿ.”

“ನಮ್ಮ ನೀಲವ್ವನ ಬಾಯೀನೂ ಹಂಗ ಐತಿ.”

ಹೊಸಬ ನಕ್ಕ. ಅಜ್ಜಾರು ಊಟದುದ್ದಕ್ಕೂ ಅವನ ಕೈ ನೋಡುತ್ತ, ಮುಖ ನೋಡುತ್ತ, ಅವನಾಡಿದ್ದನ್ನು ಕೇಳುತ್ತ ಉಂಡರು.

ಕೈತೊಳೆದಾದ ಮೇಲೆ ಹೆಸರು ಬಂತು. ಪದ್ಮರಾಜ. ದೊಡ್ಡ ಕಂಪನಿಯಲ್ಲೇ ಕೆಲಸ. ಫಕೀರಪ್ಪನ ಕಂಪನಿಯವರೇ ಈ ಮಠದ ದಾರಿ ಹೇಳಿ ಕಳಿಸಿದ್ದರು. ಫಕೀರಪ್ಪ ಯಾರೆಂದು ಅಜ್ಜಾರು ತೋರಿಸಿದರು.

“ಆ ಪ್ರಶ್ನಿ ಕಿತ್ತು ಹಾಕ್ರಿ ಅಂತ ನಮ್ಮವರಿಗೆ ನಾನ ಹೇಳಿದೆ,” ಎಂದ ಪದ್ಮರಾಜ. “ಅವತ್ತಿನಿಂದ ಆಫೀಸಿನ್ಯಾಗ ನನ್ನ ಬಾಜೂಕ ಯಾರೂ ಊಟಕ್ಕ ಕುಂದ್ರೂದಿಲ್ಲ. ಇವತ್ತು ಇಲ್ಲೂ ಹಂಗ ಆತು, ಇರಲಿ.”

ಫಕೀರಪ್ಪ ಗೋಡೆ ನೋಡಿದ.

“ಈಗ ಎರಡೂ ಕಂಪನಿಯವರು ಹುಬ್ಬಳ್ಳಿಯೊಳಗ ನಾಳೆ ಕುಂದ್ರತಾರ. ಯಾರ ಪ್ರೋಗ್ರಾಮು ಯಾರ ಸಿಸ್ಟಂ ಮ್ಯಾಲೆ ಹೆಂಗ ನಡೀಬೇಕು ಅಂತ ಕರಾರು ಮಾಡಾಕ. ನಿಮ್ಮ ಸಿಸ್ಟಂನ ತಳಾ ಬಲ್ಲವರು ನೀವೊಬ್ರ. ನೀವು ಬರಲಿಲ್ಲಂದ್ರ ನಮ್ಮವರು ಏನಂತಾರ ಗೊತ್ತೈತ್ರೇನು? ‘ಅದರಾಗ ಏನೋ ಐತಿ, ಅದಕ್ಕ ಬರಲಿಲ್ಲ’ ಅಂತಾರ. ಅಲ್ಲಿಗೆ ನಿಮ್ಮ ಕಂಪನಿ ಬಾಗಲಾ ಹಾಕಿದಂಗ.”

“ನಿಮ್ಮವರ ಮಾತು ನಿಮಗ ಚಂದ ಗೊತ್ತೈತಿ,” ಎಂದ ಫಕೀರಪ್ಪ.

ಪದ್ಮರಾಜ ಚೀಲ ಹೆಗಲಿಗೇರಿಸಿದ. “ಸಂಜಿ ಬಸ್ಸಿಗೆ ಹೋಗಾಂವ ಅದೀನ್ರಿ. ಅಲ್ಲೀತನಕ ಹೊಳಿ ದಂಡಿಗೆ ಕುಂತಿರತೀನಿ.”

ಅವನು ಮರೆಯಾಗುತ್ತಲೇ ಫಕೀರಪ್ಪ ಅಜ್ಜಾರ ಕಡೆ ತಿರುಗಿದ.

“ಇದು ನನಗ ಬೀಸಿದ ಬಲಿ ಐತ್ರಿ. ಕರಕೊಂಡ ಹೋಗಿ ನಮ್ಮ ಗುಟ್ಟೆಲ್ಲಾ ಬಾಯಿ ಬಿಡಸತಾರ.”

“ಇದ್ದರೂ ಇದ್ದೀತು.”

“ಹಂಗಾರ ಅವನನ್ನ ನಂಬಬ್ಯಾಡ ಅಂತೀರಿ?”

“ನಾ ಏನೂ ಅಂದಿಲ್ಲ. ಪಂಕ್ತಿಯೊಳಗ ಅಂವ ಏನ ಮಾಡಿದ?”

“ಉಂಡ.”

“ಮತ್ತ ಮಂದಿ ಯಾಕ ಎದ್ದು ಹ್ವಾದ್ರು?”

ಫಕೀರಪ್ಪ ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆದ. “ಲಕ್ಷ್ಯ ಇರಲಿ ಅಂತ ನಾನ ಅಂದಿದ್ದೆ.”

“ಏನ ತೊಂದರಿ ಇತ್ತು?”

“ಏನೂ...” ಎಂದ ಫಕೀರಪ್ಪ.

 

ಅವನು ಎದ್ದು ಒಳಗೆ ಹೋದ. ಹಗ್ಗದ ಮೇಲಿದ್ದ ಅಂಗಿ ತೆಗೆದ, ಮಡಚಿದ. ಗೂಡಿನಲ್ಲಿದ್ದ ಸಾಬೂನು, ಚಾರ್ಜರು, ಟವೆಲು ಎಲ್ಲ ಚೀಲಕ್ಕೆ ತುರುಕಿದ.

ನೀಲವ್ವ ಬಟ್ಟೆಯಲ್ಲಿ ರೊಟ್ಟಿ ಸುತ್ತಿ ತಂದಳು. “ಮೂಸಿ ನೋಡಿ ಇಟ್ಟುಕೋಪಾ. ಆಮ್ಯಾಲೆ ನನ್ನ ಹೆಸರ ಹೇಳಬ್ಯಾಡ.”

ಅವನು ಮೂಸಲಿಲ್ಲ. “ಇಬ್ಬರಿಗೆ ಆಗತಾವೇನಬೇ?” ಎಂದು ಕೇಳಿದ.

“ಆ ಧೂಳಿನಾಂವಂದೂ ಸೇರಿಸೇ ಕಟ್ಟೇನಿ. ನಡಿ.”

ಅಜ್ಜಾರು ಕಟ್ಟೆಯ ಮೇಲೆ ಕೂತಿದ್ದರು. ಫಕೀರಪ್ಪ ಕಾಲಿಗೆರಗಿ ಎದ್ದವನು ಹೋಗಲೂ ಆಗದೆ ನಿಲ್ಲಲೂ ಆಗದೆ ಚೀಲದ ಪಟ್ಟಿ ಬಿಗಿ ಮಾಡತೊಡಗಿದ.

“ಅನುಮಾನ ಇನ್ನೂ ಹ್ವಾಗವಲ್ದ್ರಿ, ಅಜ್ಜಾರ.”

“ಹೋಗಬೇಕಂತ ಯಾರಂದ್ರು?”

“ನಿಮಗ? ಅವನ ಮ್ಯಾಲೆ ನಿಮಗ ಒಂದೀಟೂ ಅನುಮಾನ ಇರಲಿಲ್ಲೇನ್ರಿ?”

“ಇತ್ತೋ ತಮ್ಮಾ,” ಎಂದರು ಅಜ್ಜಾರು. “ಅದಕ್ಕ ಬಾಜೂಕ ಹೋಗಿ ಕುಂತೆ.”