ಬ್ಯಾಟರಿಗೆ ಹಚ್ಚಿದ ವ್ಯಾಸಲೀನ್

ಸಾಹೇಬರ ನೋಟೀಸುಗಳಿಂದ ಡ್ರೈವರ್ ಮಂಚೇಗೌಡನಿಗೆ ತಲೆ ಚಿಟ್ಟು ಹಿಡಿದಿತ್ತು. ಹಾರ್ನ್ ಜೋರಾದರೂ ನೋಟೀಸು, ಮೆಲ್ಲಗಾದರೂ ನೋಟೀಸು. ಅವತ್ತು ಜಿಲ್ಲಾಧಿಕಾರಿಗಳ ಮೀಟಿಂಗಿಗೆ ಹೊರಟರೆ ಜೀಪು ಸ್ಟಾರ್ಟೇ ಆಗಲಿಲ್ಲ. ಬಾನೆಟ್ ಎತ್ತಿ ನೋಡಿದ. ಬ್ಯಾಟರಿ ಟರ್ಮಿನಲ್ಲುಗಳ ಮೇಲೆ ಹಸಿರು ಪುಡಿ ಬೂಷ್ಟಿನಂತೆ ಕಟ್ಟಿತ್ತು.

ಮಂಚೇಗೌಡ ವೈರು ಬಿಚ್ಚಿದ. ಕ್ಯಾಂಟೀನಿನಿಂದ ಅಡುಗೆ ಸೋಡಾ ತಂದು ನೀರಲ್ಲಿ ಕಲಸಿ, ಹಳೇ ಬ್ರಷ್ಷಿನಿಂದ ತಿಕ್ಕಿ, ಚೆನ್ನಾಗಿ ಒರೆಸಿದ. ವೈರು ಬಿಗಿದು, ಬೂಷ್ಟು ಮತ್ತೆ ಹಿಡಿಯದಿರಲೆಂದು ಮೇಲೆ ವ್ಯಾಸಲೀನ್ ಸವರಿದ. ಜೀಪು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು.

ಸಾಹೇಬರ ಮುಖ ಮಾತ್ರ ಕೆಂಪಾಯಿತು. "ಸರ್ಕಾರಿ ಗಾಡಿಗೆ ಬೋಂಡಾ ಸೋಡಾನ? ಯಾರ ಅನುಮತಿ ತಗೊಂಡೆ? ಈಗಲೇ ವಿವರಣೆ ಬರೆದುಕೊಡು."

ಮಂಚೇಗೌಡ ಇಂಜಿನ್ ಆಫ್ ಮಾಡಿ ಇಳಿದ. "ತಪ್ಪಾಯ್ತು ಸಾರ್. ಅನುಮತಿ ಇಲ್ದೆ ಮಾಡಿದ್ದನ್ನ ಮೊದಲಿದ್ದ ಹಾಗೇ ಮಾಡಿಬಿಡ್ತೀನಿ. ವ್ಯಾಸಲೀನ್ ಈಗಲೇ ಒರೆಸ್ತೀನಿ. ಬೂಷ್ಟು ಮತ್ತೆ ಕಟ್ಟೋಕೆ ಮಾತ್ರ ಆರು ತಿಂಗಳಾದ್ರೂ ಬೇಕು. ಅಲ್ಲೀತನಕ ತಾವು ಒಳಗೆ ಕೂತಿರಿ," ಎಂದು ಸ್ಪಾನರ್ ಎತ್ತಿಕೊಂಡ.

ಸಾಹೇಬರು ಗಡಿಯಾರ ನೋಡಿದರು. ಮೀಟಿಂಗಿಗೆ ಇನ್ನು ಇಪ್ಪತ್ತೇ ನಿಮಿಷ. ತಾವೇ ಬಾನೆಟ್ ಮುಚ್ಚಿ, ತೆಪ್ಪಗೆ ಸೀಟಿನಲ್ಲಿ ಕೂತರು.

ಅರ್ಧ ದಾರಿಯಲ್ಲಿ ಒಮ್ಮೆ ಕೆಮ್ಮಿದರು. "ಅನುಮತಿ ಪತ್ರ ಬರೆದು ತಾ, ಸಹಿ ಹಾಕ್ತೀನಿ. ನಿನ್ನೆ ತಾರೀಖು ಹಾಕು."